ಮಳೆ ಹಿಡಿದ ದಿನ ರಸೆಲ್ ಮಾರುಕಟ್ಟೆ: ಏನು ಕೊಳ್ಳಬೇಕು, ಏನು ಬಿಡಬೇಕು

ಬೆಂಗಳೂರಿನಲ್ಲಿ ಬೆಳಗ್ಗೆಯೇ ಮೋಡ ಮುಚ್ಚಿ ಸೋನೆ ಹಿಡಿಯಿತೆಂದರೆ, ಅಂದಿನ ಕೆಲಸಗಳ ಪೈಕಿ ಮೊದಲು ಮುಂದಕ್ಕೆ ಹೋಗುವುದು ಮಾರುಕಟ್ಟೆಯ ಕೆಲಸ. ಮೊಬೈಲಿನಲ್ಲಿ ಬೆರಳಾಡಿಸಿದರೆ ಕೊತ್ತಂಬರಿ ಸೊಪ್ಪು ಬಾಗಿಲಿಗೇ ಬರುವಾಗ ಕೊಡೆ ಹಿಡಿದು ಶಿವಾಜಿನಗರದ ತನಕ ಯಾರು ಹೋಗುತ್ತಾರೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೂ ನನ್ನನ್ನು ಕೇಳಿದರೆ, ರಸೆಲ್ ಮಾರುಕಟ್ಟೆಗೆ ಹೋಗಬೇಕಾದದ್ದು ಅಂಥ ದಿನವೇ. ಬಿಸಿಲಿನ ಭಾನುವಾರ ಅಲ್ಲಿ ನಿಂತು ಒಂದು ಮಾತು ಕೇಳುವುದಕ್ಕೂ ಜಾಗವಿರುವುದಿಲ್ಲ. ಮಳೆ ಬಂದರೆ ಫೋಟೊ ತೆಗೆಯುವವರು, ಸುಮ್ಮನೆ ಅಡ್ಡಾಡುವವರು ಕಡಿಮೆಯಾಗುತ್ತಾರೆ. ಉಳಿಯುವುದು ಕೊಳ್ಳುವವರು ಮತ್ತು ಮಾರುವವರು. ವ್ಯಾಪಾರಿಗಳಿಗೆ ಮಾತಿಗೆ ಪುರುಸೊತ್ತು ಸಿಗುತ್ತದೆ. ಮಾಲು ಯಾವ ಊರಿನದು, ಎಂದು ಬಂದದ್ದು, ಯಾವುದನ್ನು ಇವತ್ತು ಮುಟ್ಟಬಾರದು ಎಂಬುದನ್ನೆಲ್ಲ ಅವರ ಬಾಯಿಂದಲೇ ಕೇಳಬಹುದು.

ಒಂದು ಎಚ್ಚರಿಕೆ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಅಡುಗೆ ಏನೆಂದು ಮನೆಯಲ್ಲೇ ತೀರ್ಮಾನಿಸಿ, ಚೀಟಿ ಬರೆದುಕೊಂಡು ಹೋಗುವ ದಿನ ಇದಲ್ಲ. ಮಳೆ ಕೆಲವು ಸಾಮಾನುಗಳನ್ನು ಕೆಡಿಸುತ್ತದೆ, ಕೆಲವನ್ನು ದುಬಾರಿ ಮಾಡುತ್ತದೆ, ಇನ್ನು ಕೆಲವನ್ನು ಈ ಕಾಲದಲ್ಲಿ ಮಾತ್ರ ತಂದುಕೊಡುತ್ತದೆ. ಮಾರುಕಟ್ಟೆಯಲ್ಲಿ ಏನು ಚೆನ್ನಾಗಿದೆಯೋ ಅದನ್ನು ನೋಡಿ ಅಡುಗೆ ತೀರ್ಮಾನಿಸುವ ಮನಸ್ಸಿದ್ದರೆ ಮುಂದೆ ಓದಿ.

ಹೊರಡುವ ಮುನ್ನ ಪಂಚಾಂಗ ನೋಡಿ

ಆಕಾಶಕ್ಕಿಂತ ಮೊದಲು ತಾರೀಕು ನೋಡಬೇಕು. ಮಾಂಸಕ್ಕಾಗಿ ಹೋಗುವವರು ವಿಶೇಷವಾಗಿ. ಕೃಷ್ಣ ಜನ್ಮಾಷ್ಟಮಿ, ಗಣೇಶ ಚತುರ್ಥಿ, ಗಾಂಧಿ ಜಯಂತಿಯಂಥ ದಿನಗಳಲ್ಲಿ ನಗರಾಡಳಿತ ಪ್ರಾಣಿವಧೆ ಮತ್ತು ಮಾಂಸ ಮಾರಾಟವನ್ನು ನಿಷೇಧಿಸುವ ರೂಢಿಯಿದೆ. ಇವೆಲ್ಲ ಮಳೆಗಾಲದಲ್ಲೇ ಬರುವ ದಿನಗಳು. ಹಿಂದಿನ ದಿನದ ಪತ್ರಿಕೆಯಲ್ಲಿ ಪ್ರಕಟಣೆ ಇರುತ್ತದೆ.

ಮಾರುಕಟ್ಟೆಯ ಎದುರಿಗೇ ಸಂತ ಮೇರಿ ಬೆಸಿಲಿಕಾ ಇದೆ. ಆಗಸ್ಟ್ ಕೊನೆಯಲ್ಲಿ ಧ್ವಜ ಏರಿದ ಮೇಲೆ ಸೆಪ್ಟೆಂಬರ್ 8ರ ಹಬ್ಬದವರೆಗೆ ಆ ಚೌಕದಲ್ಲಿ ಕಾವಿ ಉಟ್ಟ ಭಕ್ತರ ಸಾಗರ. ಹಬ್ಬ ನೋಡುವ ಆಸೆಯಿದ್ದರೆ ಧಾರಾಳವಾಗಿ ಹೋಗಿ. ತರಕಾರಿ ಚೀಲ ಹೊತ್ತುಕೊಂಡು ಮಾತ್ರ ಬೇಡ.

ಇನ್ನು ಗಂಟೆ. ಬೆಂಗಳೂರಿನ ಮಳೆಗೆ ಎರಡು ಸ್ವಭಾವ. ಜೂನ್‌ನಿಂದ ಆಗಸ್ಟ್‌ವರೆಗೆ ಹೆಚ್ಚಾಗಿ ಸಣ್ಣ ತುಂತುರು, ಬಿಟ್ಟು ಬಿಟ್ಟು ದಿನವಿಡೀ. ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಾಗಲ್ಲ: ಮಧ್ಯಾಹ್ನದವರೆಗೆ ಬಿಸಿಲು, ಸಂಜೆ ನಾಲ್ಕು ಐದರ ಹೊತ್ತಿಗೆ ಗುಡುಗು ಸಮೇತ ಧೋ ಎಂದು ಸುರಿದು ರಸ್ತೆಯೇ ಹೊಳೆಯಾಗುತ್ತದೆ. ಸೋನೆಯ ದಿನಗಳಲ್ಲಿ ಬೆಳಗ್ಗೆ ಏಳರಿಂದ ಒಂಬತ್ತರ ನಡುವೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಗುಡುಗು ಮಳೆಯ ತಿಂಗಳುಗಳಲ್ಲಿಯೂ ಬೆಳಗ್ಗೆಯೇ ಹೋಗಿ ಮಧ್ಯಾಹ್ನಕ್ಕೆ ಮುಂಚೆ ಮನೆ ಸೇರಿ. ಸಂಜೆಯ ಮಳೆಯಲ್ಲಿ ಸಿಕ್ಕಿಕೊಂಡರೆ ಒಂದೇ ಒಂದು ಲಾಭವಿದೆ: ಮಾರನೆಯ ದಿನಕ್ಕೆ ಉಳಿಯದ ಸೊಪ್ಪು ತರಕಾರಿಗಳನ್ನು ವ್ಯಾಪಾರಿಗಳು ಗುಡ್ಡೆ ಹಾಕಿ ಸಿಕ್ಕಿದ ದರಕ್ಕೆ ಕೊಟ್ಟುಬಿಡುತ್ತಾರೆ. ಅವತ್ತೇ ಬೇಯಿಸುವುದಾದರೆ ಅದಕ್ಕಿಂತ ಅಗ್ಗದ ವ್ಯಾಪಾರ ಇನ್ನಿಲ್ಲ.

ಕೈಯಲ್ಲಿ, ಕಾಲಲ್ಲಿ

ಛಾವಣಿ ಇದೆ ಎಂದ ಮಾತ್ರಕ್ಕೆ ನೆಲ ಒಣಗಿರುತ್ತದೆ ಎಂದು ತಿಳಿಯಬೇಡಿ. ಹೊರಗಿನ ಕೆಸರು ಕಾಲುಗಳ ಜೊತೆ ಒಳಗೆ ಬರುತ್ತದೆ, ಸೊಪ್ಪಿಗೆ ಚಿಮುಕಿಸಿದ ನೀರು ಹರಿಯುತ್ತದೆ, ಮೀನಿನ ಕಡೆ ಮಂಜುಗಡ್ಡೆ ಕರಗುತ್ತಲೇ ಇರುತ್ತದೆ. ಹವಾಯಿ ಚಪ್ಪಲಿ ಎರಡು ತೊಂದರೆ ಕೊಡುತ್ತದೆ: ಜಾರುತ್ತದೆ, ಮತ್ತು ಪ್ರತಿ ಹೆಜ್ಜೆಗೂ ಕೆಸರನ್ನು ಬೆನ್ನಿನವರೆಗೆ ಎರಚುತ್ತದೆ. ಚರ್ಮದ ಬೂಟು ಹಾಳಾಗುತ್ತದೆ. ಹಿಂದೆ ಪಟ್ಟಿ ಇರುವ, ತಳದಲ್ಲಿ ಹಿಡಿತವಿರುವ ರಬ್ಬರ್ ಸ್ಯಾಂಡಲ್ ಸರಿಯಾದದ್ದು. ಕಾಲಿನಲ್ಲಿ ಗಾಯ, ಬಿರುಕು ಇದ್ದರೆ ಮುಚ್ಚಿದ ರಬ್ಬರ್ ಬೂಟು ಹಾಕಿಕೊಳ್ಳಿ. ಇಲಿಗಳು ಓಡಾಡುವ ಜಾಗದ ನಿಂತ ನೀರಿನಿಂದ ಇಲಿಜ್ವರ ಬರುವುದು ಹೆಚ್ಚಾಗಿ ಇಂಥ ಗಾಯಗಳ ಮೂಲಕ. ಮನೆಗೆ ಬಂದ ಮೇಲೆ ಸೋಪು ಹಾಕಿ ಕಾಲು ತೊಳೆಯುವುದು ಎಲ್ಲರಿಗೂ ಕಡ್ಡಾಯ.

ಉದ್ದನೆಯ ಕೊಡೆ ಸಾಲುಗಳ ನಡುವೆ ಎಲ್ಲರ ಮೊಣಕಾಲಿಗೆ ತಿವಿಯುತ್ತದೆ. ಮಡಚುವ ಕೊಡೆ ಒಯ್ದು, ಬಾಗಿಲಲ್ಲೇ ಕೊಡವಿ, ಅದರದೇ ಒಂದು ಕೈಚೀಲದಲ್ಲಿ ಹಾಕಿಬಿಡಿ. ರೇನ್‌ಕೋಟ್ ಹೊರಗೆ ಒಳ್ಳೆಯದು, ಒಳಗೆ ಹತ್ತು ನಿಮಿಷದಲ್ಲಿ ಬೆವರಿಳಿಸುತ್ತದೆ.

ಚೀಲದ ವಿಷಯದಲ್ಲಿ ನನಗೆ ಸ್ವಲ್ಪ ಹಟವಿದೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ 2016ರಿಂದಲೇ ನಿಷೇಧವಿದೆ, ಆದರೂ ಕೇಳಿದರೆ ಎಲ್ಲೋ ಒಂದು ಕಡೆಯಿಂದ ತೆಗೆದುಕೊಡುತ್ತಾರೆ. ಕೇಳಬೇಡಿ. ಬಟ್ಟೆ ಚೀಲ ಮಳೆಯಲ್ಲಿ ನೆನೆದು ಭಾರವಾಗುತ್ತದೆ, ಒಳಗಿನ ಈರುಳ್ಳಿಯೂ ನೆನೆಯುತ್ತದೆ. ನಮ್ಮ ತಾಯಂದಿರು ಒಯ್ಯುತ್ತಿದ್ದ ಹೆಣೆದ ವೈರ್ ಬುಟ್ಟಿಯೇ ಈ ದಿನಕ್ಕೆ ಸರಿ: ನೀರು ನಿಲ್ಲುವುದಿಲ್ಲ, ಕೆಳಗಿಟ್ಟರೆ ವಾಲುವುದಿಲ್ಲ, ಮನೆಗೆ ಬಂದ ಮೇಲೆ ನಲ್ಲಿಯ ಕೆಳಗೆ ಹಿಡಿದರೆ ಸ್ವಚ್ಛ. ಮೀನು ಅಥವಾ ಮಾಂಸ ಕೊಳ್ಳುವವರು ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿಯನ್ನೂ ಒಯ್ಯಬೇಕು. ಬಸ್ಸಿನಲ್ಲಿ ಪಕ್ಕದವರು ನಿಮಗೆ ಮನಸ್ಸಿನಲ್ಲೇ ಕೃತಜ್ಞರಾಗಿರುತ್ತಾರೆ.

ಹತ್ತು, ಇಪ್ಪತ್ತು, ಐವತ್ತರ ನೋಟುಗಳು ಜೇಬಿನಲ್ಲಿರಲಿ. ಕ್ಯೂಆರ್ ಚೀಟಿ ಇಲ್ಲದ ಅಂಗಡಿ ಈಗ ಕಡಿಮೆ, ನಿಜ. ಆದರೆ ಒದ್ದೆ ಬೆರಳಿಗೆ ಮೊಬೈಲ್ ಪರದೆ ಓಗೊಡುವುದಿಲ್ಲ, ದಪ್ಪ ಗೋಡೆಗಳ ನಡುವೆ ಸಿಗ್ನಲ್ ಕೈಕೊಡುತ್ತದೆ, ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ.

ತಲುಪುವ ದಾರಿ

ಕಾರು ತೆಗೆಯಬೇಡಿ. ಶಿವಾಜಿನಗರದ ಸುತ್ತ ಮಳೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವ ಹೊತ್ತಿನಲ್ಲಿ ವ್ಯಾಪಾರವೇ ಮುಗಿದಿರುತ್ತದೆ. ನಗರದ ಬಹುತೇಕ ಎಲ್ಲ ದಿಕ್ಕಿನಿಂದಲೂ ಶಿವಾಜಿನಗರ ಬಸ್ ನಿಲ್ದಾಣಕ್ಕೆ ಬಿಎಂಟಿಸಿ ಬಸ್ಸುಗಳಿವೆ. ಅಲ್ಲಿಂದ ಮಾರುಕಟ್ಟೆ ನಡೆದು ಹೋಗುವಷ್ಟು ಹತ್ತಿರ. ಮೆಟ್ರೊದಲ್ಲಿ ಬರುವವರು ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಬಹುದು. ದಾರಿ ಕೇಳುವಾಗ ಬೆಸಿಲಿಕಾ ಎಲ್ಲಿ ಎಂದರೆ ಎಲ್ಲರೂ ತೋರಿಸುತ್ತಾರೆ; ಅದರ ಎದುರು ಗಡಿಯಾರ ಗೋಪುರ ಕಾಣುವ ಹಳೆಯ ಕಟ್ಟಡವೇ ಮಾರುಕಟ್ಟೆ.

ಮೊದಲ ಸುತ್ತು ಬರಿಗೈಯಲ್ಲಿ

ಒಳಗೆ ಹೋದ ಕೂಡಲೇ ಬಾಗಿಲ ಬಳಿಯ ಅಂಗಡಿಯಲ್ಲೇ ಕೊಳ್ಳಲು ಶುರು ಮಾಡುವುದು ಹೊಸಬರ ಲಕ್ಷಣ. ಏನನ್ನೂ ಕೊಳ್ಳದೆ ಒಂದು ಸುತ್ತು ಹಾಕಿ. ಮಳೆಯ ದಿನ ಈ ಸುತ್ತು ಆರಾಮ, ಯಾರೂ ತಳ್ಳುವುದಿಲ್ಲ. ತಲೆಯೆತ್ತಿ ಕಟ್ಟಡವನ್ನೂ ನೋಡಬಹುದು. ಇದು 1927ರ ಕಟ್ಟಡ. ಆಗ ಈ ದಂಡು ಪ್ರದೇಶ ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿರಲಿಲ್ಲ. ಬ್ರಿಟಿಷರ ಕೈಯಲ್ಲಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಆಗಿತ್ತು, 1947ರಲ್ಲಿ ಸಂಸ್ಥಾನಕ್ಕೆ ಮರಳಿತು. ಅಂದಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಅವರ ಹೆಸರು ಮಾರುಕಟ್ಟೆಗೆ ಬಂತು, 1933ರಲ್ಲಿ ಉದ್ಯಮಿ ಹಾಜಿ ಇಸ್ಮಾಯಿಲ್ ಸೇಠ್ ಉದ್ಘಾಟಿಸಿದರು. ದಂಡಿನ ಬಂಗಲೆಗಳಿಗೆ ತರಕಾರಿ, ಹಣ್ಣು, ಮಾಂಸ ಹೋಗುತ್ತಿದ್ದದ್ದು ಇಲ್ಲಿಂದ. ಇಲ್ಲಿ ಇಂದಿಗೂ ಊರಿನ ಬೇರೆ ಮಾರುಕಟ್ಟೆಗಳಿಗಿಂತ ವಿದೇಶಿ ತರಕಾರಿ, ಅಪರೂಪದ ಹಣ್ಣು ಹೆಚ್ಚು ಕಾಣುವುದಕ್ಕೆ ಆ ಹಳೆಯ ಗಿರಾಕಿಗಳ ನಾಲಿಗೆಯೂ ಒಂದು ಕಾರಣ ಎಂದು ನನ್ನ ಊಹೆ.

2012ರ ಫೆಬ್ರವರಿಯಲ್ಲಿ ಇಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಳಿಗೆಗಳು ಸುಟ್ಟವು. ವ್ಯಾಪಾರಿಗಳು ಜಾಗ ಬಿಟ್ಟು ಹೋಗಲಿಲ್ಲ. ಇದನ್ನು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ: ಹಳೆಯ ಕಟ್ಟಡ, ಅಲ್ಲಲ್ಲಿ ತೊಟ್ಟಿಕ್ಕುವ ಛಾವಣಿ, ಜೋತಾಡುವ ಬಲ್ಬುಗಳು. ಮಳೆಯ ದಿನ ಕಬ್ಬಿಣದ ಕಂಬ, ಇಳಿಬಿದ್ದ ತಂತಿಗಳಿಗೆ ಒರಗಬೇಡಿ.

ಈ ಸುತ್ತಿನಲ್ಲಿ ಮೂರು ವಿಷಯ ಗಮನಿಸಿ. ಒಂದೇ ತರಕಾರಿಗೆ ನಾಲ್ಕು ಕಡೆ ಹೇಳುವ ದರ. ಯಾವ ಅಂಗಡಿಯಲ್ಲಿ ಮಾಲು ಬೇಗ ಬೇಗ ಖಾಲಿಯಾಗುತ್ತಿದೆ. ಯಾರ ಸಾಮಾನಿನ ಮೇಲೆ ನೀರು ಸೋರುತ್ತಿದೆ. ಮೋಡದ ದಿನ ಒಳಗೆ ಮಬ್ಬು. ಹಳದಿ ಬಲ್ಬಿನ ಬೆಳಕಿನಲ್ಲಿ ಬಾಡಿದ ಸೊಪ್ಪೂ ತಾಜಾ ಕಾಣುತ್ತದೆ, ಹೊರಗೆ ಕೆಂಪು ಟಾರ್ಪಾಲಿನ ಅಡಿಯಲ್ಲಿ ಎಲ್ಲ ಟೊಮೆಟೊಗಳೂ ಹಣ್ಣೇ. ಅನುಮಾನ ಬಂದರೆ ಮೊಬೈಲಿನ ಟಾರ್ಚ್ ಹಾಕಿ ನೋಡಿ. ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ತರಕಾರಿ: ಒಣ ಸಾಮಾನು ಮೊದಲು

ಭಾರದ, ಗಟ್ಟಿ ತರಕಾರಿಗಳಿಂದ ಆರಂಭಿಸಿ. ಬುಟ್ಟಿಯ ತಳದಲ್ಲಿ ಅವೇ ಕೂರಬೇಕು.

ಈರುಳ್ಳಿ ಕೊಳ್ಳುವಾಗ ಹಳೆಯದೋ ಹೊಸದೋ ಎಂದು ಕೇಳಿ. ಬೇಸಿಗೆಯಲ್ಲಿ ಕಿತ್ತು ದಾಸ್ತಾನು ಮಾಡಿದ ನಾಸಿಕ್ ಕಡೆಯ ಈರುಳ್ಳಿ ಮಳೆಗಾಲವಿಡೀ ಬರುತ್ತಿರುತ್ತದೆ: ಒಣಗಿದ ಸಿಪ್ಪೆ, ಬಿಗಿಯಾದ ಕುತ್ತಿಗೆ, ತಿಂಗಳಿಟ್ಟರೂ ಕೆಡದು. ಚಿತ್ರದುರ್ಗ, ಗದಗ ಕಡೆಯ ಹೊಸ ಮುಂಗಾರು ಬೆಳೆ ಮಳೆಗಾಲದ ಕೊನೆಯಲ್ಲಿ ಮಾರುಕಟ್ಟೆಗೆ ಇಳಿಯುತ್ತದೆ. ರುಚಿ ಚೆನ್ನ, ದರವೂ ಕಡಿಮೆ. ಆದರೆ ಒಳಗೆ ನೀರಿನಂಶ ಹೆಚ್ಚು, ಮಳೆಯಲ್ಲಿ ಕಿತ್ತದ್ದಾದರೆ ಒಂದು ವಾರದಲ್ಲಿ ಕೊಳೆತ ವಾಸನೆ. ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಅವತ್ತಿಗೆ ಬೇಕಾದಷ್ಟು ಮಾತ್ರ ಕೊಳ್ಳಿ. ಆಲೂಗಡ್ಡೆಗೂ ಇದೇ ಮಾತು. ಹಾಸನದ ಹೊಸ ಆಲೂಗಡ್ಡೆಯ ಸಿಪ್ಪೆ ಉಗುರು ತಾಗಿದರೆ ಕಿತ್ತು ಬರುತ್ತದೆ. ಪಲ್ಯಕ್ಕೆ ಸೊಗಸು, ಶೇಖರಣೆಗೆ ಬೇಡ.

ಟೊಮೆಟೊ ಮಳೆಯಲ್ಲಿ ನೀರು ಕುಡಿದು ಬಿರಿಯುತ್ತದೆ. ತೊಟ್ಟಿನ ಸುತ್ತ ವೃತ್ತಾಕಾರದ ಬಿರುಕಿದ್ದರೆ ಬಿಡಿ. ಸ್ವಲ್ಪ ಕಾಯಿಯಾಗಿರುವ, ಗಟ್ಟಿ ಹಣ್ಣುಗಳನ್ನು ಆರಿಸಿಕೊಂಡರೆ ಮನೆಯಲ್ಲಿ ನಿಧಾನವಾಗಿ ಹಣ್ಣಾಗುತ್ತವೆ. ಮಳೆಗಾಲದ ಟೊಮೆಟೊ ದರವನ್ನು ನಂಬುವ ಹಾಗಿಲ್ಲ. 2023ರ ಜುಲೈನಲ್ಲಿ ಕಿಲೋಗೆ ನೂರು ದಾಟಿ ಕೋಲಾರದ ರೈತರು ತೋಟಕ್ಕೆ ಕಾವಲು ಕೂತದ್ದನ್ನು ಯಾರೂ ಮರೆತಿಲ್ಲ. ಅಂಥ ವಾರಗಳಲ್ಲಿ ಹುಣಸೆಹಣ್ಣಿನ ಸಾರಿಗೆ ಮರಳುವುದು ಜಾಣತನ.

ಸೊಪ್ಪು ಮಳೆಯ ದಿನದ ಪರೀಕ್ಷೆ. ಕಟ್ಟು ಹೊರಗಿನಿಂದ ಹಸಿರಾಗಿ ಕಂಡರೂ ದಾರ ಕಟ್ಟಿದ ಜಾಗದಲ್ಲಿ ಒಳಗೆ ಕೊಳೆಯುತ್ತಿರುತ್ತದೆ. ಕಟ್ಟನ್ನು ಬಿಚ್ಚಿ ನೋಡುವುದಕ್ಕೆ ಸಂಕೋಚಪಡಬೇಡಿ. ಕನಿಷ್ಠ ಮಧ್ಯಕ್ಕೆ ಬೆರಳು ಹಾಕಿ, ಲೋಳೆ ತಾಗಿದರೆ ಹಾಗೇ ಇಟ್ಟುಬಿಡಿ. ಕೊತ್ತಂಬರಿ, ಪಾಲಕ್, ಮೆಂತ್ಯ ಮಳೆ ತಡೆಯುವುದಿಲ್ಲ. ದಂಟು, ಹರಿವೆ, ನುಗ್ಗೆ ಸೊಪ್ಪು ಪರವಾಗಿಲ್ಲ. ಬುಟ್ಟಿಯಲ್ಲಿ ಸೊಪ್ಪು ಎಲ್ಲದಕ್ಕಿಂತ ಮೇಲಿರಲಿ.

ಹೂಕೋಸು, ಎಲೆಕೋಸು ಕೊಳ್ಳುವುದಾದರೆ ಹೂವಿನ ಮೇಲೆ ಕಂದು ಚುಕ್ಕೆ, ಎಲೆಯ ನಡುವೆ ಹುಳದ ತೂತು ನೋಡಿಕೊಳ್ಳಿ. ಪೊಟ್ಟಣದಲ್ಲಿ ಬರುವ ಬಿಳಿ ಅಣಬೆ ಸರಿ. ಕಾಡಿನಿಂದ ತಂದದ್ದು ಎಂದು ಬುಟ್ಟಿಯಲ್ಲಿ ಮಾರುವುದನ್ನು, ಅಣಬೆಯ ಜಾತಿ ಗುರುತಿಸಬಲ್ಲ ಮಲೆನಾಡಿನ ಹಿರಿಯರು ಜೊತೆಗಿದ್ದರೆ ಮಾತ್ರ ಕೊಳ್ಳಿ. ಮಲೆನಾಡು, ಕೊಡಗಿನವರಿಗೆ ಈ ಕಾಲದಲ್ಲಿ ಕಳಲೆಯ, ಅಂದರೆ ಎಳೆ ಬಿದಿರಿನ ಮೊಳಕೆಯ, ಆಸೆ ಹುಟ್ಟುತ್ತದೆ. ಕಂಡರೆ ಬಿಡಬೇಡಿ, ಆದರೆ ಹೆಚ್ಚಿ ನೀರಿನಲ್ಲಿ ನೆನೆಸಿಟ್ಟು, ನೀರು ಬದಲಾಯಿಸುತ್ತಾ, ಚೆನ್ನಾಗಿ ಬೇಯಿಸದೆ ತಿನ್ನಬೇಡಿ. ಹಸಿ ಕಳಲೆಯಲ್ಲಿ ವಿಷದ ಅಂಶವಿರುತ್ತದೆ.

ಹಣ್ಣು: ಮಳೆಗಾಲದ ಸಂಪತ್ತು ಇಲ್ಲೇ

ಚೀಟಿ ಹರಿದು ಹಾಕಬೇಕಾದ ಜಾಗ ಇದು. ಮಾವಿನ ಕೊನೆಯ ಹಣ್ಣುಗಳು ಜುಲೈ ತನಕ ಇರುತ್ತವೆ, ಅವುಗಳಲ್ಲಿ ನೀಲಂಗೆ ಮಾತ್ರ ನನ್ನ ಓಟು. ಉಳಿದವು ಮಳೆ ಬಿದ್ದ ಮೇಲೆ ಸಪ್ಪೆ. ಜೂನ್, ಜುಲೈನಲ್ಲಿ ನೇರಳೆ. ಆಗಸ್ಟ್‌ನಿಂದ ಸೀತಾಫಲ. ಇವೆಲ್ಲ ಎಲ್ಲ ಕಡೆ ಸಿಗುತ್ತವೆ. ರಸೆಲ್ ಮಾರುಕಟ್ಟೆಗೆ ಬಂದು ನೋಡಬೇಕಾದದ್ದು ಬೇರೆ ಮೂರು.

ಮೊದಲನೆಯದು ಬೆಣ್ಣೆಹಣ್ಣು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಬೆಣ್ಣೆಹಣ್ಣು ಮಳೆಗಾಲದಲ್ಲೇ ರಾಶಿಯಾಗಿ ಬರುತ್ತದೆ. ಹೊರದೇಶದ ಒರಟು ಚರ್ಮದ ಪುಟ್ಟ ಹಣ್ಣಿಗೆ ಅದರ ಎಷ್ಟೋ ಪಟ್ಟು ಕೊಡುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗುವುದಿಲ್ಲ, ಕಿತ್ತ ಮೇಲೆಯೇ ಹಣ್ಣಾಗುವುದು. ಆದ್ದರಿಂದ ಗಟ್ಟಿ ಇರುವುದನ್ನೇ ಕೊಳ್ಳಿ. ಹತ್ತು ಜನ ಹೆಬ್ಬೆರಳಿನಿಂದ ಒತ್ತಿದ ಹಣ್ಣು ಒಳಗೆ ಕಪ್ಪಾಗಿರುತ್ತದೆ. ಒತ್ತುವ ಬದಲು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ನಮ್ಮ ಕಡೆಯ ಜಾತಿಗಳಲ್ಲಿ ಬಲಿತ ಹಣ್ಣಿನ ಬೀಜ ಒಳಗೆ ಸದ್ದು ಮಾಡುತ್ತದೆ. ಮನೆಯಲ್ಲಿ ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟರೆ ಬೇಗ ಹದಕ್ಕೆ ಬರುತ್ತದೆ.

ಎರಡನೆಯದು ಮ್ಯಾಂಗೊಸ್ಟೀನ್. ಕೇರಳದಿಂದ ಮಳೆಗಾಲದ ಮೊದಲರ್ಧದಲ್ಲಿ ಬರುತ್ತದೆ, ದುಬಾರಿ, ಮೋಸ ಹೋಗುವುದೂ ಸುಲಭ. ಸಿಪ್ಪೆಯನ್ನು ಬೆರಳಿನಿಂದ ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು. ಮರದ ತುಂಡಿನಂತೆ ಗಟ್ಟಿಯಾಗಿದ್ದರೆ ಒಳಗಿನ ತೊಳೆ ಕೆಟ್ಟಿದೆ ಎಂದೇ ಲೆಕ್ಕ. ಹಣ್ಣಿನ ತಳವನ್ನು ತಿರುಗಿಸಿ ನೋಡಿ, ಪುಟ್ಟ ಹೂವಿನ ಗುರುತಿರುತ್ತದೆ. ಅದರಲ್ಲಿ ಎಷ್ಟು ಎಸಳೋ ಒಳಗೆ ಅಷ್ಟೇ ತೊಳೆ. ಎಸಳು ಹೆಚ್ಚಿದ್ದರೆ ತೊಳೆ ಚಿಕ್ಕವು, ಬೀಜದ ಕಾಟವೂ ಕಡಿಮೆ. ಮಕ್ಕಳನ್ನು ಕರೆದುಕೊಂಡು ಹೋದರೆ ಈ ಎಣಿಕೆಯ ಕೆಲಸವನ್ನು ಅವರಿಗೆ ಒಪ್ಪಿಸಿಬಿಡಿ. ಸಿಪ್ಪೆಯ ರಸ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ, ಅದನ್ನೂ ಹೇಳಿಡಿ.

ಮೂರನೆಯದು ರಂಬುಟಾನ್. ಮೈಮೇಲಿನ ಕೂದಲು ಬಣ್ಣದಿಂದಿದ್ದರೆ, ಬಾಗುವಂತಿದ್ದರೆ ತಾಜಾ. ಕಪ್ಪಾಗಿ ಒಣಗಿ ಮುರಿಯುವಂತಿದ್ದರೆ ಹಳೆಯದು. ಇದರ ಬಗ್ಗೆ ಇದಕ್ಕಿಂತ ಹೆಚ್ಚು ತಿಳಿಯಬೇಕಾದದ್ದಿಲ್ಲ.

ಒಣಹಣ್ಣಿನ ಅಂಗಡಿಗಳ ಮುಂದೆಯೂ ಕಾಲು ನಿಲ್ಲುತ್ತದೆ. ತೆರೆದ ಮೂಟೆಯ ಗೋಡಂಬಿ, ಬಾದಾಮಿ ಮಳೆಗಾಲದ ತೇವಕ್ಕೆ ಮೆತ್ತಗಾಗಿರುತ್ತವೆ. ಒಂದನ್ನು ಕಚ್ಚಿ ನೋಡಿ, ಕಟಕ್ಕೆನ್ನದಿದ್ದರೆ ಮುಚ್ಚಿದ ಪೊಟ್ಟಣ ಕೇಳಿ. ಖರ್ಜೂರಕ್ಕೆ ಈ ತೊಂದರೆಯಿಲ್ಲ.

ದರ, ತಕ್ಕಡಿ, ಕೊಸರು

ಇಲ್ಲಿ ದಖ್ಖನಿ ಉರ್ದು, ತಮಿಳು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಕೇಳಿಬರುತ್ತವೆ. ಕನ್ನಡದಲ್ಲೇ ಮಾತಾಡಿ, ಎಲ್ಲೂ ಕೆಲಸ ನಿಲ್ಲುವುದಿಲ್ಲ. ‘ಭಾಯ್’, ‘ಅಣ್ಣ’, ‘ಅಮ್ಮ’ ಎಂದು ಕರೆದರೆ ಮಾತು ಸಲೀಸು. ಮೊದಲ ಪ್ರಶ್ನೆಯಾಗಿ ದರ ಕೇಳಬೇಡಿ. “ಭಾಯ್, ಇದು ಯಾವ ಊರಿನ ಮಾಲು?” ಎಂದು ಕೇಳಿ ನೋಡಿ. ಮಾಲಿನ ಬಗ್ಗೆ ಗೊತ್ತಿರುವ ಗಿರಾಕಿ ಎಂದು ಅವರಿಗೆ ಅನ್ನಿಸಿದರೆ ಹೇಳುವ ದರವೇ ಸ್ವಲ್ಪ ಇಳಿದಿರುತ್ತದೆ.

ಅರ್ಧ ದರಕ್ಕೆ ಕೇಳಿ ಚೌಕಾಸಿ ಶುರು ಮಾಡುವ ಅಭ್ಯಾಸ ಬಟ್ಟೆ ಅಂಗಡಿಗಳಿಗೆ ಇರಲಿ. ತರಕಾರಿಯಲ್ಲಿ ಅಷ್ಟು ಲಾಭವಿರುವುದಿಲ್ಲ. ದರ ಇಳಿಸುವುದಕ್ಕಿಂತ ಕೊಸರು ಕೇಳುವುದು ಇಬ್ಬರಿಗೂ ಗೌರವದ ವ್ಯವಹಾರ: ಒಂದು ಹಿಡಿ ಹಸಿಮೆಣಸಿನಕಾಯಿ, ಎರಡು ಎಸಳು ಕರಿಬೇವು. ಮಳೆ ಹೆಚ್ಚಾಗಿ ಕೊತ್ತಂಬರಿ ತುಟ್ಟಿಯಾದಾಗ ಅದನ್ನು ಮಾತ್ರ ಕೊಸರಾಗಿ ಕೇಳಬೇಡಿ. ಬೆಳಗ್ಗೆ ಬೇಗ ಹೋದವರು ಇನ್ನೊಂದು ವಿಷಯ ನೆನಪಿಡಬೇಕು. ಮಳೆಯ ದಿನ ಒಂಬತ್ತಾದರೂ ಬೋಣಿ ಆಗದ ಅಂಗಡಿಗಳಿರುತ್ತವೆ. ಬೋಣಿಯ ಹೊತ್ತಿನಲ್ಲಿ ಅರ್ಧ ಗಂಟೆ ಕೆದಕಿ, ಚೌಕಾಸಿ ಮಾಡಿ, ಬರಿಗೈಯಲ್ಲಿ ಎದ್ದು ಹೋಗುವ ಗಿರಾಕಿಯನ್ನು ಯಾರೂ ಕ್ಷಮಿಸುವುದಿಲ್ಲ. ಕೊಳ್ಳುವ ಮನಸ್ಸಿಲ್ಲದಿದ್ದರೆ ಮೊದಲೇ ಮುಂದೆ ಹೋಗಿ.

ತಕ್ಕಡಿಯ ಮುಂದೆ ನಿಂತಾಗ ಅಂಕಿ ಸೊನ್ನೆಯಲ್ಲಿದೆಯೇ ನೋಡಿ. ತಟ್ಟೆಯಲ್ಲಿ ನೀರು ನಿಂತಿದ್ದರೆ ಒರೆಸಲು ಹೇಳಿ. ಮೀನಿನ ಅಂಗಡಿಯಲ್ಲಿ ಇದು ಸಣ್ಣ ಮಾತಲ್ಲ. ಮಂಜುಗಡ್ಡೆಯ ಚೂರು, ನೀರು ಎಲ್ಲ ಮೀನಿನ ದರದಲ್ಲೇ ತೂಗುತ್ತವೆ.

ಮೀನು: ಕ್ಯಾಲೆಂಡರ್ ಗೊತ್ತಿದ್ದವರೇ ಗೆದ್ದರು

ಮಳೆಗಾಲದಲ್ಲಿ ಮೀನು ತಿನ್ನಬಾರದು ಎಂದು ಹೇಳುವವರಿದ್ದಾರೆ, ತಾಜಾ ಮೀನು ಸಿಗುವುದೇ ಇಲ್ಲ ಎನ್ನುವವರೂ ಇದ್ದಾರೆ. ಎರಡೂ ಅರ್ಧ ಸತ್ಯ. ನಡೆಯುವುದು ಹೀಗೆ. ಸಮುದ್ರ ಪ್ರಕ್ಷುಬ್ಧವಾಗಿರುವ, ಮೀನುಗಳು ಮೊಟ್ಟೆಯಿಡುವ ಕಾಲದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸರ್ಕಾರ 61 ದಿನ ನಿಷೇಧ ಹಾಕುತ್ತದೆ. ನಮ್ಮ ಮಂಗಳೂರು, ಮಲ್ಪೆ ಇರುವ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ಚೆನ್ನೈ, ನಾಗಪಟ್ಟಣಂ, ವಿಶಾಖಪಟ್ಟಣ ಇರುವ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಬೆಂಗಳೂರು ಎರಡು ಕರಾವಳಿಗಳ ನಡುವೆ ಕೂತಿರುವುದರಿಂದ ಈ ಲೆಕ್ಕ ನಮಗೆ ಅನುಕೂಲ.

ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಾಗಿಲು ಮುಚ್ಚಿರುತ್ತದೆ. ಆಗ ಕಾಣುವ ಸಮುದ್ರ ಮೀನಿನಲ್ಲಿ ಬಹುಪಾಲು ಶೀತಲ ಗೃಹದಿಂದ ಬಂದದ್ದು, ಸ್ವಲ್ಪ ನಾಡದೋಣಿಗಳದ್ದು. ಈ ಹದಿನೈದು ದಿನ ಕೆರೆ ಮೀನಿಗೆ ಬನ್ನಿ: ಕಟ್ಲಾ, ರೋಹು. ಆಂಧ್ರದ ಕೊಳಗಳಲ್ಲಿ ಸಾಕಿದ ಇವು ವರ್ಷವಿಡೀ ಬರುತ್ತವೆ, ನಿಷೇಧಕ್ಕೂ ಇವಕ್ಕೂ ಸಂಬಂಧವಿಲ್ಲ. ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ ಪೂರ್ವದ ಕಡಲಿನ ಮಾಲು ಕೇಳಿ. ಆಗಸ್ಟ್‌ನಲ್ಲಿ ಮಲ್ಪೆ, ಮಂಗಳೂರಿನ ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಬಂಗುಡೆ, ಬೂತಾಯಿ, ಕಾಣೆ ಬರತೊಡಗುತ್ತವೆ. ಆಗಸ್ಟ್ ಕೊನೆಯ ವಾರದ ಒಂದು ಮಳೆಯ ಬೆಳಗ್ಗೆ ಮೀನಿಗಾಗಿಯೇ ಹೋಗುವುದಕ್ಕೆ ಅತ್ಯಂತ ಒಳ್ಳೆಯ ಹೊತ್ತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಹೆಸರಿನ ಗೊಂದಲ ಕರಾವಳಿಯವರಿಗೆ ಇಲ್ಲಿ ಮೊದಲ ದಿನ ಆಗಿಯೇ ಆಗುತ್ತದೆ. ನಮ್ಮ ಅಂಜಲ್ ಇಲ್ಲಿ ತಮಿಳಿನ ವಂಜರಂ. ಬಂಗುಡೆಗೆ ಮಲಯಾಳದ ಅಯಿಲ ಎಂಬ ಹೆಸರೂ, ಬೂತಾಯಿಗೆ ಮತ್ತಿ ಎಂಬ ಹೆಸರೂ ಓಡುತ್ತವೆ. ಮಾಂಜಿ ಎಂದರೆ ಅರ್ಥವಾಗದವರಿಗೆ ಪಾಂಫ್ರೆಟ್ ಎನ್ನಿ. ಬೆರಳು ತೋರಿಸುವುದು ಎಲ್ಲ ಭಾಷೆಗಿಂತ ಸುಲಭ.

ಪರೀಕ್ಷೆ ಹೀಗೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಒಳಗೆ ಕುಸಿದು ಬೆಳ್ಳಗಾಗಿದ್ದರೆ ಬೇಡ. ಕಿವಿರು ಎತ್ತಿ ನೋಡಿದರೆ ಕೆಂಪಾಗಿರಬೇಕು. ಕಂದಾಗಿ ಅಂಟಂಟಾಗಿದ್ದರೆ ಬೇಡ. ಬೆನ್ನಿನ ಮೇಲೆ ಬೆರಳೊತ್ತಿದರೆ ಗುಳಿ ತಕ್ಷಣ ಮುಚ್ಚಿಕೊಳ್ಳಬೇಕು. ವಾಸನೆ ಕಡಲಿನದಾಗಿರಬೇಕು, ಮೂಗಿಗೆ ಚುಚ್ಚುವಂತಿರಬಾರದು. ಬಂಗುಡೆ, ಬೂತಾಯಿ, ಕೇದರದಂಥ (ಟ್ಯೂನಾ) ಮೀನುಗಳನ್ನು ಮಂಜುಗಡ್ಡೆಯ ಮೇಲಿದ್ದರೆ ಮಾತ್ರ ಕೊಳ್ಳಿ. ತಂಪು ತಪ್ಪಿದರೆ ಇವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಬೆಳೆಯುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ, ಮೈತುಂಬ ದದ್ದು ಎಬ್ಬಿಸುತ್ತದೆ. ಹೊರಗೆ ಚಳಿಯಿದೆ ಎಂದು ಮಂಜುಗಡ್ಡೆ ಉಳಿಸುವ ಅಂಗಡಿಯನ್ನು ದಾಟಿ ಮುಂದೆ ಹೋಗಿ.

ತೂಕ ಇಡೀ ಮೀನಿನದು, ಮನೆಗೆ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ. ಸ್ವಚ್ಛ ಮಾಡುವ ಕೂಲಿ ದರದಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ. ಕತ್ತರಿಸುವಾಗ ಎದುರಿಗೇ ನಿಂತು, ಹುರಿಯುವುದಕ್ಕೋ ಸಾರಿಗೋ ಹೇಳಿ. ತಲೆ ಬೇಕೆಂದು ಹೇಳದಿದ್ದರೆ ಕಸದ ಬುಟ್ಟಿಗೆ ಹೋಗಿಬಿಡುತ್ತದೆ. ಡಬ್ಬಿಯ ತಳಕ್ಕೆ ಒಂದು ಹಿಡಿ ಮಂಜುಗಡ್ಡೆ ಕೇಳಿ ಹಾಕಿಸಿಕೊಳ್ಳಿ. ಒಣಮೀನು ಮತ್ತು ಒಣಸಿಗಡಿ ಕೊಳ್ಳುವವರು ಮೂಸಿ, ಮುರಿದು ನೋಡಿ. ತೇವದಿಂದ ಬಾಗಿದರೆ, ಬಿಳಿ ಹೂವು ಕಟ್ಟಿದ್ದರೆ ಬೇಸಿಗೆಯ ತನಕ ಕಾಯಿರಿ.

ಮಾಂಸದ ಬಗ್ಗೆ ಹೇಳುವುದು ಕಡಿಮೆ. ಮುಂಚೆಯೇ ಕತ್ತರಿಸಿಟ್ಟ ತುಂಡುಗಳನ್ನು ಬಿಟ್ಟು, ಎದುರಿಗೆ ಕತ್ತರಿಸಿ ಕೊಡುವುದನ್ನು ತೆಗೆದುಕೊಳ್ಳಿ. ಕಾಲುಗಳನ್ನು ಸುಟ್ಟು ತುಂಡು ಮಾಡಿ ಕೊಡುತ್ತಾರೆಯೇ ಕೇಳಿ. ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿದ ಕಾಲು ಸೂಪಿಗೆ ಮಳೆಯ ಸಂಜೆಗಿಂತ ಒಳ್ಳೆಯ ಸಮಯ ಬೇರೆಯಿಲ್ಲ.

ಒಂದು ಲೋಟ ಚಹಾ

ಮೀನು ಮಾಂಸ ಕೊಳ್ಳುವ ಮೊದಲೇ ಚಹಾ ಮುಗಿಸಿ, ಕೊಂಡ ಮೇಲೆ ಅಲ್ಲ. ಸುತ್ತಲಿನ ಬೀದಿಗಳಲ್ಲಿ ಗಟ್ಟಿ ಹಾಲಿನ ಚಹಾ, ಹಾಲಿಲ್ಲದ ಸುಲೈಮಾನಿ, ಬೆಣ್ಣೆ ಹಚ್ಚಿದ ಬನ್, ಕೆಂಡದ ಮೇಲಿನ ಸೀಖ್ ಕಬಾಬ್ ಎಲ್ಲ ಸಿಗುತ್ತವೆ. ಕಬಾಬ್‌ಗಳ ಹೊತ್ತು ಸಂಜೆ, ಬೆಳಗ್ಗೆ ಹೋದವರಿಗೆ ಚಹಾ ಬನ್ ಸಾಕು. ಮಳೆಗಾಲದಲ್ಲಿ ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು, ಚಟ್ನಿ, ನೀರು ಬೇಡ. ಎದುರಿಗೆ ಕುದಿಯುವುದು, ಎದುರಿಗೆ ಬೇಯುವುದು ಮಾತ್ರ.

ಮನೆಗೆ ಬಂದ ತಕ್ಷಣ

ಬಟ್ಟೆ ಬದಲಾಯಿಸುವ ಮುಂಚೆ ಡಬ್ಬಿ ತೆರೆಯಿರಿ. ಮೀನನ್ನು ಅರಿಸಿನ, ಕಲ್ಲುಪ್ಪು ಹಾಕಿ ಒಂದೆರಡು ಬಾರಿ ತೊಳೆದು ನೀರು ಪೂರ್ತಿ ಬಸಿಯಿರಿ; ನೀರಿನಲ್ಲಿ ನೆನೆಹಾಕಬೇಡಿ, ರುಚಿಯೆಲ್ಲ ಅದಕ್ಕೇ ಹೋಗುತ್ತದೆ. ಅಂದು ಬೇಡದ ತುಂಡುಗಳನ್ನು ಒಂದೊಂದು ಹೊತ್ತಿಗೆ ಬೇಕಾದಷ್ಟು ವಿಂಗಡಿಸಿ ಫ್ರೀಜರಿಗೆ ಹಾಕಿ.

ಸೊಪ್ಪನ್ನು ಕಟ್ಟು ಬಿಚ್ಚಿ, ಕೊಳೆತ ಎಲೆ ತೆಗೆದು, ತೊಳೆಯದೆ ತೆಳು ಹತ್ತಿ ಬಟ್ಟೆಯ ಮೇಲೆ ಫ್ಯಾನಿನಡಿ ಹರಡಿ. ತೇವ ಆರಿದ ಮೇಲೆ ಅದೇ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ, ಬೇಕಾದಾಗ ಬೇಕಾದಷ್ಟೇ ತೊಳೆಯಿರಿ. ಹೂಕೋಸನ್ನು ಬಿಡಿಸಿ ಬಿಸಿ ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಹುಳಗಳು ತೇಲಿ ಬರುತ್ತವೆ. ಈರುಳ್ಳಿ ಗಾಳಿಯಾಡುವ ಕಡೆ ಒಂದೇ ಪದರದಲ್ಲಿ ಹರಡಿಕೊಂಡಿರಲಿ, ಆಲೂಗಡ್ಡೆ ಅದರಿಂದ ದೂರ ಕತ್ತಲಿನಲ್ಲಿ. ಎರಡನ್ನೂ ಒಂದೇ ಬುಟ್ಟಿಯಲ್ಲಿಟ್ಟರೆ ಎರಡೂ ಬೇಗ ಮೊಳೆಯುತ್ತವೆ. ಬೆಣ್ಣೆಹಣ್ಣು ಅಕ್ಕಿ ಡಬ್ಬಕ್ಕೆ. ಎರಡು ದಿನ ಬಿಟ್ಟು ತೆಗೆದು ನೋಡಿ, ತೊಟ್ಟಿನ ಹತ್ತಿರ ಮೆತ್ತಗಾಗಿದ್ದರೆ ಅಂದೇ ತಿನ್ನಿ.